ಬಿಳಿ ಚುಕ್ಕೆ ವಾಸಿಯಾಗಿಲ್ಲ, ಮರಳಿಗೆ ಇಳಿದಿತ್ತು

ಪ್ರಶ್ನೆ ಪೂರ್ತಿ ಓದಿದೆ. ನಿಮ್ಮ ಉಪ್ಪುನೀರಿನ ಅಕ್ವೇರಿಯಂನ ಬ್ಲೂ ಟ್ಯಾಂಗ್ ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಬಂತು, ಆಹಾರಕ್ಕೆ ಬೆಳ್ಳುಳ್ಳಿ ರಸ ಬೆರೆಸಿ ಕೊಟ್ಟಿರಿ, ನಾಲ್ಕೈದು ದಿನದಲ್ಲಿ ಚುಕ್ಕೆ ಮಾಯವಾಯಿತು. ಎರಡು ವಾರ ಕಳೆದ ಮೇಲೆ ಈಗ ಮೊದಲಿಗಿಂತ ಜಾಸ್ತಿ ಬಂದಿದೆ, ಕ್ಲೌನ್ ಮೀನಿಗೂ ಹತ್ತಿದೆ. ಹವಳ ಇರುವ ಟ್ಯಾಂಕಾದ್ದರಿಂದ ಔಷಧಿ ಬೇಡ, ಕ್ಲೀನರ್ ಸೀಗಡಿ ಬಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಆದರೆ ಔಷಧಿ ಮುಟ್ಟದೆಯೇ ಇದನ್ನು ಬುಡಸಮೇತ ತೆಗೆಯುವ ದಾರಿ ಇದೆ. ಕೆಲಸ ಜಾಸ್ತಿ, ಅಷ್ಟೇ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಮರೈನ್ ಇಕ್, ಕ್ರಿಪ್ಟೋಕ್ಯಾರಿಯಾನ್ ಅನ್ನುವ ಒಂದೇ ಜೀವಕೋಶದ ಪರಾವಲಂಬಿ. ನಮಗೆ ಕಾಣುವ ಚುಕ್ಕೆ ಮೀನಿನ ಚರ್ಮದ ಮೇಲೆ ಕೂತಿರುವುದಲ್ಲ, ಒಳಗೆ ಕೊರೆದುಕೊಂಡು ಹೋಗಿ ತಿನ್ನುತ್ತಿರುವುದು. 3ರಿಂದ 7 ದಿನ ಹೊಟ್ಟೆ ತುಂಬಿಸಿಕೊಂಡು ತಾನಾಗಿಯೇ ಉದುರುತ್ತದೆ. ಉದುರಿದ್ದು ಮರಳು, ಕಲ್ಲು, ಗಾಜು ಎಲ್ಲಾದರೂ ಅಂಟಿಕೊಂಡು ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೇ ಒಡೆದು ಒಡೆದು ನೂರಾರು ಮರಿ ಆಗುತ್ತದೆ. ಮರಿ ಹೊರಬರಲು ಕಡಿಮೆ ಅಂದರೂ 3 ದಿನ ಬೇಕು. ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಬರುತ್ತವೆ, ಆದರೆ 72 ದಿನದವರೆಗೂ ತಡ ಆದದ್ದು ದಾಖಲಾಗಿದೆ. ಹೊರಬಂದ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತದೆ.

ಈಗ ಲೆಕ್ಕ ಹಾಕಿ ನೋಡಿ. ಬೆಳ್ಳುಳ್ಳಿ ಕೊಟ್ಟರೂ ಕೊಡದಿದ್ದರೂ ಆ ಚುಕ್ಕೆ ಅದೇ ಹೊತ್ತಿಗೆ ಹೋಗುತ್ತಿತ್ತು, ಅದೇ ಹೊತ್ತಿಗೆ ವಾಪಸ್ ಬರುತ್ತಿತ್ತು. ಊಟ ಬಿಟ್ಟ ಮೀನಿಗೆ ಬೆಳ್ಳುಳ್ಳಿ ವಾಸನೆಯಿಂದ ಹಸಿವು ಕೆರಳಬಹುದು, ಅಷ್ಟಕ್ಕೆ ಬಳಸಿ. ಸೀಗಡಿ ಸತ್ತ ಚರ್ಮ ಕೀಳುತ್ತದೆ, ಮೇಲಿರುವ ಹುಳ ಹೆಕ್ಕುತ್ತದೆ, ಚರ್ಮದೊಳಗಿನ ಇಕ್ ಅದರ ಕೈಗೆ ಸಿಗುವುದಿಲ್ಲ. ಸೀಗಡಿ ಇಷ್ಟ ಅಂತ ಸಾಕುವುದಾದರೆ ಸಾಕಿ, ತುಂಬಾ ಚೆಂದದ ಜೀವಿ. ಆದರೆ ಕ್ಲೀನರ್ ರ‍್ಯಾಸ್ ಮೀನನ್ನು ಮಾತ್ರ ದಯವಿಟ್ಟು ತರಬೇಡಿ. ಸಮುದ್ರದಲ್ಲಿ ಅದು ದಿನವಿಡೀ ಲೆಕ್ಕವಿಲ್ಲದಷ್ಟು ಮೀನುಗಳ ಮೈ ಹೆಕ್ಕಿ ಬದುಕುವಂಥದ್ದು, ನಮ್ಮ ಟ್ಯಾಂಕಿನ ಐದಾರು ಮೀನು ಅದರ ಹೊಟ್ಟೆಗೆ ಎಲ್ಲಿ ಸಾಕಾಗಬೇಕು? ಬಹುಪಾಲು ಹಸಿದು ಸಾಯುತ್ತವೆ. ಸಿಹಿನೀರಿನ ಇಕ್‌ಗೆ ಮಾಡುವ ಹಾಗೆ ನೀರು ಬಿಸಿ ಮಾಡುವುದೂ ಇಲ್ಲಿ ನಡೆಯುವುದಿಲ್ಲ, ನೀರಿನ ಆಮ್ಲಜನಕ ಕಡಿಮೆಯಾಗಿ ಮೀನಿಗೇ ಕಷ್ಟ.

ನಾನು ಹೇಳುವ ದಾರಿ ಟ್ಯಾಂಕ್ ಬದಲಿಸುವುದು. ಉದುರಿದ ಇಕ್ 3 ದಿನದೊಳಗೆ ಮರಿ ಬಿಡಲಾರದು ಅಂದೆನಲ್ಲ, ಅಷ್ಟರೊಳಗೆ ಮೀನನ್ನು ಬೇರೆ ಟ್ಯಾಂಕಿಗೆ ಸಾಗಿಸಿದರೆ ಉದುರಿದ್ದೆಲ್ಲ ಹಿಂದೆಯೇ ಉಳಿಯುತ್ತದೆ. ಎರಡು ಖಾಲಿ ಟ್ಯಾಂಕ್ ಅಥವಾ ದೊಡ್ಡ ಪ್ಲಾಸ್ಟಿಕ್ ಡಬ್ಬ, ಎರಡರಲ್ಲೂ ಬೇರೆ ಬೇರೆ ಹೀಟರ್, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್, ಅಡಗಲು ಪಿವಿಸಿ ಪೈಪ್ ತುಂಡು. ಮರಳು, ಕಲ್ಲು ಬೇಡ. ಮೊದಲ ದಿನ ಎಲ್ಲಾ ಮೀನನ್ನೂ, ಚುಕ್ಕೆ ಇಲ್ಲದವನ್ನೂ ಸೇರಿಸಿ, ಒಂದಕ್ಕೆ ಹಾಕಿ. ಆಮೇಲೆ 4, 7, 10ನೇ ದಿನ ಬದಲಿಸುತ್ತಾ ಹೋಗಿ, 13ನೇ ದಿನ ಕೊನೆಯ ಸಲ ಹೊಸ ಜಾಗಕ್ಕೆ. ಪ್ರತಿ ಸಲವೂ 72 ಗಂಟೆ ದಾಟಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಬೆಳಗ್ಗೆ ಬದಲಿಸುವುದು ಒಳ್ಳೆಯದು, ಇಕ್ ಉದುರುವುದು ಹೆಚ್ಚಾಗಿ ಕತ್ತಲಲ್ಲಿ. ಹೊಸ ನೀರಿನ ಉಪ್ಪಿನಂಶ, ಉಷ್ಣಾಂಶ ಹಳೆಯದಕ್ಕೆ ಸರಿಹೊಂದಿರಲಿ, ಮೀನಿನ ಜೊತೆ ಹಳೇ ನೀರು ಆದಷ್ಟು ಕಡಿಮೆ ಹೋಗಲಿ. ಬಿಟ್ಟ ಟ್ಯಾಂಕನ್ನು ಒಳಗಿನ ಸಾಮಾನು ಸಮೇತ ತೊಳೆದು ಪೂರ್ತಿ ಒಣಗಿಸಿ, ಒಂದು ಹನಿ ತೇವವೂ ಉಳಿಯಬಾರದು. ಬಲೆ, ಬಕೆಟ್ ಹಂಚಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ. ಫಿಲ್ಟರ್ ಇಲ್ಲದ ನೀರಲ್ಲಿ ಅಮೋನಿಯಾ ಬೇಗ ಏರುತ್ತದೆ, ಹಾಗಾಗಿ ಊಟ ಸ್ವಲ್ಪ ಕಡಿಮೆ ಕೊಟ್ಟು ದಿನಾ ಟೆಸ್ಟ್ ಮಾಡಿ.

ಇತ್ತ ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು. ಹವಳ, ಬಸವನಹುಳ, ಸೀಗಡಿ, ಏಡಿ ಎಲ್ಲ ಅಲ್ಲೇ ಇರಲಿ, ಇಕ್ ಅವಕ್ಕೆ ಹತ್ತುವುದಿಲ್ಲ. ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಬದುಕಿರಲಿ ಅಂತ ಆಗಾಗ ಚೂರು ಆಹಾರ ಹಾಕಿ. 13ನೇ ದಿನದಿಂದ ಅಲ್ಲಿಯವರೆಗೆ ಮೀನಿಗೆ ಬೇರೆ ಟ್ಯಾಂಕ್ ಬೇಕು, ಅದಕ್ಕೆ ಸ್ಪಂಜ್ ಫಿಲ್ಟರ್ ಹಾಕಿ. ಆದರೆ ಆ ಸ್ಪಂಜನ್ನು ರೋಗ ಬಂದ ಟ್ಯಾಂಕಿನಿಂದ ತರಬೇಡಿ, ಬಾಟಲಿ ಬ್ಯಾಕ್ಟೀರಿಯಾದಿಂದ ಈಗಲೇ ತಯಾರು ಮಾಡಲು ಶುರು ಮಾಡಿ. ಎರಡೂವರೆ ತಿಂಗಳು ಜಾಸ್ತಿ ಅನಿಸುತ್ತದೆ, ಗೊತ್ತು. ಒಂದು ತಿಂಗಳಿಗೇ ಮೀನು ವಾಪಸ್ ಬಿಟ್ಟವರು ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ಗುಂಪಿನಲ್ಲೇ ನೋಡುತ್ತೇವಲ್ವಾ.

ಉಪ್ಪು ಇಳಿಸುವ ವಿಧಾನವೂ ಇದೆ, ಸಾಂದ್ರತೆಯನ್ನು 1.009ಕ್ಕೆ ತಂದು ವಾರಗಟ್ಟಲೆ ಅಲ್ಲೇ ಹಿಡಿಯುವುದು. ಹವಳದ ಟ್ಯಾಂಕಲ್ಲಿ ಮಾಡುವಂತಿಲ್ಲ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಚೂರು ತಪ್ಪು ತೋರಿಸಿದರೂ ಫಲ ಇಲ್ಲ, ಜೊತೆಗೆ ಅಷ್ಟು ಕಡಿಮೆ ಉಪ್ಪನ್ನೂ ತಡೆಯುವ ಇಕ್ ತಳಿಗಳಿವೆ. ನನ್ನ ಮತ ಟ್ಯಾಂಕ್ ಬದಲಿಸುವುದಕ್ಕೇ.

ಇದೆಲ್ಲಕ್ಕಿಂತ ಮುಂಚೆ ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ರೂಮಿನ ಲೈಟ್ ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಮೀನಿನ ಮೈ ನೋಡಿ. ಬಿಡಿಬಿಡಿಯಾಗಿ ಎಣಿಸಬಹುದಾದ ಚುಕ್ಕೆ ಇದ್ದರೆ ಇಕ್. ಎಣಿಸಲಾಗದಷ್ಟು ಸಣ್ಣ, ಮಾಸಲು ಹೊಂಬಣ್ಣದ ಪುಡಿ ಮೆತ್ತಿದ ಹಾಗಿದ್ದು, ಮೀನು ಏದುಸಿರು ಬಿಡುತ್ತಾ ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತಿದ್ದರೆ, ಬೆಳಕಿಗೆ ಬರಲು ಹಿಂಜರಿಯುತ್ತಿದ್ದರೆ, ಅದು ವೆಲ್ವೆಟ್, ಅಮೈಲೂಡಿನಿಯಂ ಅನ್ನುವ ಇನ್ನೊಂದು ಪರಾವಲಂಬಿಯ ರೋಗ. ಅದು ಮೊದಲು ಕಿವಿರಿಗೆ ಹತ್ತುತ್ತದೆ, ಎಷ್ಟೋ ಸಲ ಮೈಮೇಲೆ ಏನೂ ಕಾಣುವ ಮೊದಲೇ ಎರಡು ಮೂರು ದಿನದಲ್ಲಿ ಮೀನು ಸಾಯುತ್ತದೆ. ಉಪ್ಪು ಇಳಿಸಿದರೂ ಅದು ಜಗ್ಗುವುದಿಲ್ಲ. ಅಲ್ಲಿ ನೈಸರ್ಗಿಕ ಅಂತ ಹಠ ಹಿಡಿಯಬೇಡಿ, ಬೇರೆ ಟ್ಯಾಂಕಿನಲ್ಲಿ ತಾಮ್ರದ ಔಷಧಿ ಕೊಟ್ಟು ಟೆಸ್ಟ್ ಕಿಟ್ ಹಿಡಿದು ಮಟ್ಟ ಕಾಯಿರಿ. ಹವಳದ ಟ್ಯಾಂಕಿಗೆ ತಾಮ್ರ ಎಂದೂ ಬೀಳಬಾರದು. ಹಾಗೆಯೇ ಕ್ಲೌನ್ ಮೈಯಿಂದ ಲೋಳೆ ಪದರ ಪದರವಾಗಿ ಸುಲಿಯುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಅನ್ನುವ ಮತ್ತೊಂದು ಪರಾವಲಂಬಿ ಇರಬಹುದು, ಅದಕ್ಕೂ ಕಾಯುತ್ತಾ ಕೂರುವ ಸಮಯ ಇರುವುದಿಲ್ಲ.

ಮೀನು ಕಲ್ಲಿಗೆ ಮೈ ಉಜ್ಜುತ್ತಿದೆ, ಕಣ್ಣು ಮಂಜಾಗಿದೆ ಅಂದರೆ ಮೈಗೆ ಅಂಟಿಕೊಳ್ಳುವ ಚಪ್ಪಟೆ ಫ್ಲೂಕ್ ಹುಳ ಇದೆಯಾ ಅಂತಲೂ ನೋಡಬೇಕು. ಅದಕ್ಕೆ ಸಿಹಿನೀರಿನ ಸ್ನಾನ. ಕಪ್ಪು ಬಕೆಟಿನಲ್ಲಿ ಕ್ಲೋರಿನ್ ಇಲ್ಲದ ನೀರು ತುಂಬಿ ಮುಂಚೆಯೇ ಗಾಳಿ ಆಡಿಸಿಡಿ, ಉಷ್ಣಾಂಶ ಟ್ಯಾಂಕಿನಷ್ಟೇ ಇರಲಿ, ಅಡುಗೆ ಸೋಡಾ ಹಾಕಿ ಪಿಎಚ್ ಸರಿ ಮಾಡಿ. 5 ನಿಮಿಷ ಸಾಕು. ಮೊದಲಿಗೆ ಮೀನು ಗಾಬರಿಯಾಗಿ ಒಂದು ಪಕ್ಕಕ್ಕೆ ವಾಲಬಹುದು, ನೀವು ಅಲ್ಲಾಡದೆ ಪಕ್ಕದಲ್ಲೇ ಕೂತು ನೋಡುತ್ತಿರಿ, ಪೂರ್ತಿ ಸುಸ್ತಾದರೆ ತಕ್ಷಣ ಎತ್ತಿ. ಅಷ್ಟು ಹೊತ್ತು ಮೈಮೇಲೆ ಪಾರದರ್ಶಕವಾಗಿ ಕಾಣದೇ ಇದ್ದ ಹುಳ ಒಂದೊಂದಾಗಿ ಬೆಳ್ಳಗಾಗುತ್ತಾ ಕಳಚಿ ಬಿದ್ದು ಬಕೆಟಿನ ತಳದಲ್ಲಿ ಎರಡು ಮೂರು ಮಿಲಿಮೀಟರಿನ ಚಕ್ಕೆಗಳಾಗಿ ಕಾಣುತ್ತವೆ. ಆದರೆ ಟ್ಯಾಂಕಿನಲ್ಲಿ ಅವು ಬಿಟ್ಟ ಮೊಟ್ಟೆ ಹಾಗೇ ಇರುತ್ತದೆ, ಒಂದು ಸ್ನಾನಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಇಕ್‌ಗಂತೂ ಈ ಸ್ನಾನ ಮದ್ದಲ್ಲ.

ನೀರನ್ನು ಒಳಗೆ ಹಾಯಿಸುವ ಯುವಿ (ಅತಿನೇರಳೆ) ಲೈಟ್ ಬಗ್ಗೆಯೂ ಕೇಳಿದ್ದಿರಿ. ಈಜಾಡುವ ಮರಿಗಳಲ್ಲಿ ತನ್ನೊಳಗೆ ಹಾದದ್ದನ್ನು ಮಾತ್ರ ಕೊಲ್ಲುತ್ತದೆ, ಕಾಟ ಕಡಿಮೆಯಾಗುತ್ತದೆ, ತೀರುವುದಿಲ್ಲ.

ಚೆನ್ನಾಗಿ ತಿನ್ನಿಸಿ ಇಕ್ ಜೊತೆಗೇ ಬದುಕಿಸುತ್ತೇವೆ ಅನ್ನುವವರೂ ಇದ್ದಾರೆ. ಒಮ್ಮೆ ಬಂದು ಉಳಿದ ಮೀನಿಗೆ ಕೆಲವು ತಿಂಗಳು ಸ್ವಲ್ಪ ರೋಗನಿರೋಧಕ ಶಕ್ತಿ ಇರುತ್ತದೆ ಅನ್ನುವುದು ನಿಜ. ಆದರೆ ಹೊಸ ಮೀನು ಬಂದಾಗ, ಕರೆಂಟ್ ಹೋಗಿ ನೀರು ಏರುಪೇರಾದಾಗ ಅದು ಸಾಲದು, ಅದರಲ್ಲೂ ಟ್ಯಾಂಗ್‌ಗಳಿಗೆ. ಊಟ ಮಾತ್ರ ಏನೇ ಆದರೂ ಚೆನ್ನಾಗಿರಲಿ, ಟ್ಯಾಂಗ್‌ಗೆ ದಿನಾ ನೋರಿ ಪಾಚಿ, ಜೊತೆಗೆ ಮೈಸಿಸ್ ಅನ್ನುವ ಪುಟ್ಟ ಸೀಗಡಿಯಂಥ ಆಹಾರ, ವಿಟಮಿನ್.

ಕಿವಿರು ಕಾಣುವಂಥ ಒಂದು ವಿಡಿಯೋ ಹಾಕಿ, ಒಟ್ಟು ಎಷ್ಟು ಮೀನು, ಎಷ್ಟೆಷ್ಟು ಉದ್ದ ಅಂತಲೂ ಬರೆಯಿರಿ. ಎಷ್ಟು ಲೀಟರಿನ ಡಬ್ಬ ಬೇಕಾಗುತ್ತದೆ ಹೇಳುತ್ತೇನೆ.