ನಾಲ್ಕೂವರೆ ತಿಂಗಳ ಹೇಂಟೆ ಇದ್ದಕ್ಕಿದ್ದಂತೆ ಕಾಲೂರುತ್ತಿಲ್ಲ, ಏನು ಮಾಡಲಿ?

ನಿನ್ನೆ ಸಂಜೆವರೆಗೂ ಓಡಾಡಿಕೊಂಡಿದ್ದ ಹೇಂಟೆ ಬೆಳಗ್ಗೆ ಗೂಡಿನ ಮೂಲೆಯಲ್ಲಿ ಕೂತಿದೆ, ಎದ್ದರೆ ವಾಲುತ್ತದೆ, ಮುಂದಿಟ್ಟರೆ ತಿನ್ನುತ್ತದೆ, ಉಳಿದ ಕೋಳಿಗಳಿಗೆ ಏನೂ ಆಗಿಲ್ಲ ಎಂದಿದ್ದೀರಿ. ತಿನ್ನುತ್ತಿರುವುದು ಒಳ್ಳೆಯದೇ, ಆದರೆ ಅದನ್ನೇ ನಂಬಿ ಸುಮ್ಮನೆ ಕೂರಬೇಡಿ. ಕಾಲಿನ ಸೋಲು ಒಂದು ಕಾಯಿಲೆಯಲ್ಲ. ಉಳುಕು, ಸುಣ್ಣದಂಶದ ಕೊರತೆ, ಒಳಗೆ ಸಿಕ್ಕಿಕೊಂಡ ಮೊಟ್ಟೆ, ನರದ ರೋಗ ಎಲ್ಲವೂ ಮೊದಲ ದಿನ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಾಗಾಗಿ ಮೊದಲು ಆರೈಕೆ, ಆಮೇಲೆ ಪರೀಕ್ಷೆ, ಔಷಧಿ ಕೊನೆಗೆ.

ಈಗಲೇ ಬೇರೆ ಮಾಡಿ. ಬಿದ್ದ ಕೋಳಿಯನ್ನು ಜೊತೆಯವು ಕುಕ್ಕಿಯೇ ಅರ್ಧ ಸಾಯಿಸುತ್ತವೆ. ಅದು ತಿರುಗಿ ಕೂರುವಷ್ಟು ಅಗಲದ ಪೆಟ್ಟಿಗೆ ಸಾಕು, ದೊಡ್ಡದಾದರೆ ತೆವಳಿ ಇನ್ನಷ್ಟು ನೋವು ಮಾಡಿಕೊಳ್ಳುತ್ತದೆ. ತಳಕ್ಕೆ ನಾಲ್ಕು ಬೆರಳು ದಪ್ಪ ಮರದ ಹೊಟ್ಟು, ಮೇಲೊಂದು ಹಳೇ ಟವೆಲ್. ಬರೀ ಪೇಪರ್ ಹಾಸಿದರೆ ಕಾಲು ಜಾರಿ ಹಿಗ್ಗಲಿಸುತ್ತದೆ. ಜಾಗ ಬೆಚ್ಚಗಿರಲಿ, ಮಬ್ಬು ಬೆಳಕಿರಲಿ. ನೀರು, ಮೇವು ಎರಡನ್ನೂ ಕೂತಲ್ಲೇ ಕೊಕ್ಕು ತಾಗುವ ಎತ್ತರದಲ್ಲಿಡಿ. ಇಂಥ ಎಷ್ಟೋ ಕೋಳಿಗಳು ರೋಗದಿಂದಲ್ಲ, ನೀರಿನ ಬಟ್ಟಲು ಎಟುಕದೆ ಸಾಯುತ್ತವೆ. ಈ ವಯಸ್ಸಿನ ಕೋಳಿ ದಿನಕ್ಕೆ ಸುಮಾರು 70–80 ಗ್ರಾಂ ಮೇವು, ಅದರ ಎರಡರಷ್ಟು ನೀರು ತೆಗೆದುಕೊಳ್ಳುತ್ತದೆ. ಅದರದೇ ಫೀಡನ್ನು ನೀರಲ್ಲಿ ನೆನೆಸಿ ಗಂಜಿಯ ಹದಕ್ಕೆ ಕೊಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಡಿ, ಅದೇ ನುಂಗಲಿ. ಬಾಯಿ ತೆರೆದು ಸುರಿಯಬೇಡಿ. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಶ್ವಾಸಕ್ಕೆ ಹೋಗುತ್ತದೆ.

ಅಡುಗೆಮನೆಯ ತಕ್ಕಡಿಯಲ್ಲಿ ಇವತ್ತೇ ತೂಗಿ ಬರೆದಿಡಿ, ಆಮೇಲೆ ದಿನಾ ಬೆಳಗ್ಗೆ ಮೇವಿಗೆ ಮುಂಚೆ. ಕಣ್ಣಿಗೆ ಚೆನ್ನಾಗಿ ತಿನ್ನುವಂತೆ ಕಂಡರೂ ತೂಕ ಇಳಿಯುತ್ತಿದ್ದರೆ ತಕ್ಕಡಿ ಮೊದಲು ಹೇಳುತ್ತದೆ.

ಈಗ ಕಾಲು ನೋಡಿ. ಹೇಂಟೆಯನ್ನು ಮಡಿಲಲ್ಲಿ ಮಲಗಿಸಿ ಎರಡೂ ಕಾಲನ್ನು ತೊಡೆಯಿಂದ ಕೆಳಕ್ಕೆ ಒಟ್ಟಿಗೆ ಸವರುತ್ತಾ ಬನ್ನಿ. ಒಂದು ಕಡೆ ಬಿಸಿ, ಊತ, ಮುಟ್ಟಿದರೆ ಕೊಸರಾಟ ಇದ್ದರೆ ಏಟು ಅಥವಾ ಉಳುಕು. ಎತ್ತರದ ಕೋಲಿನಿಂದ ಗಟ್ಟಿ ನೆಲಕ್ಕೆ ಹಾರುವ ಭಾರದ ತಳಿಗಳಲ್ಲಿ ಇದು ಮಾಮೂಲು. ಅಂಗಾಲಿನಲ್ಲಿ ಕಪ್ಪು ಹಕ್ಕಳೆಗಟ್ಟಿ ಊದಿದ್ದರೆ ಕೀವಿನ ಗಾಯ. ಮೂಳೆ ಕರಕರ ಎಂದರೆ ಅಥವಾ ವಕ್ರವಾಗಿದ್ದರೆ ಎಳೆದು ಸರಿಮಾಡಲು ಹೋಗದೆ ವೈದ್ಯರಲ್ಲಿಗೆ ಒಯ್ಯಿರಿ. ಅಂಗಾಲಿಗೆ ನಿಮ್ಮ ಬೆರಳಿಟ್ಟರೆ ಹಿಡಿಯುತ್ತದೆಯೇ, ಕಾಲ್ಬೆರಳನ್ನು ಮೆಲ್ಲಗೆ ಚಿವುಟಿದರೆ ಎಳೆದುಕೊಳ್ಳುತ್ತದೆಯೇ ಎಂದೂ ನೋಡಿ. ಊತ ಇಲ್ಲ, ನೋವಿಲ್ಲ, ಹಿಡಿತವೂ ಇಲ್ಲ ಎಂದಾದರೆ ತೊಂದರೆ ಕಾಲಲ್ಲಿಲ್ಲ, ನರದಲ್ಲಿದೆ.

ನಿಮ್ಮ ಹೇಂಟೆಯ ವಯಸ್ಸಿಗೆ ಮೊಟ್ಟೆಯನ್ನು ಮರೆಯುವಂತಿಲ್ಲ. ಜುಟ್ಟು ಕೆಂಪೇರಿದೆಯೇ? ಬಾಲದ ಕೆಳಗಿನ ಎರಡು ಚೂಪು ಮೂಳೆಗಳ ನಡುವೆ ಎರಡು ಬೆರಳು ಹಿಡಿಯುತ್ತದೆಯೇ? ಹಾಗಿದ್ದರೆ ಮೊಟ್ಟೆಗೆ ಬಂದಿದೆ. ಒಳಗೆ ಸಿಕ್ಕಿಕೊಂಡ ಮೊಟ್ಟೆ ಕಾಲಿಗೆ ಹೋಗುವ ನರವನ್ನು ಒತ್ತುತ್ತದೆ. ಕೋಳಿ ಬಾಲ ಇಳಿಬಿಟ್ಟು ನೆಟ್ಟಗೆ ನಿಂತು ತಿಣುಕುತ್ತದೆ. ಕೆಳಹೊಟ್ಟೆಯಲ್ಲಿ ಗಟ್ಟಿ ಉಂಡೆ ಕೈಗೆ ಸಿಗಬಹುದು. ಕೈಗೆ ಹಿತವೆನಿಸುವ ಬಿಸಿನೀರಿನಲ್ಲಿ ಹೊಟ್ಟೆ ಮುಳುಗುವಂತೆ 15–20 ನಿಮಿಷ ಕೂರಿಸಿ, ಒರೆಸಿ, ಕತ್ತಲೆಯಲ್ಲಿ ಬಿಡಿ. ಒತ್ತಿ ಹೊರಗೆ ತಳ್ಳಬೇಡಿ, ಒಳಗೇ ಒಡೆದರೆ ಸೋಂಕಾಗಿ ಸಾಯುತ್ತದೆ. ಅವತ್ತೇ ಮೊಟ್ಟೆ ಬರದಿದ್ದರೆ ವೈದ್ಯರೇ ಬೇಕು.

ಮೊಟ್ಟೆ ಶುರುವಾಗಿಯೂ ಗ್ರೋವರ್ (ಬೆಳೆಯುವ ಕೋಳಿಯ) ಫೀಡಿನಲ್ಲೇ ಇದ್ದರೆ ಇನ್ನೊಂದು ದಾರಿ ಯೋಚಿಸಿ. ಗ್ರೋವರ್‌ನಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 1, ಮೊಟ್ಟೆಯಿಡುವ ಕೋಳಿಗೆ ಕೊಡುವ ಲೇಯರ್‌ನಲ್ಲಿ ಶೇ. 3.5–4. ಚಿಪ್ಪು ಕಟ್ಟಲು ಸಾಲದ್ದನ್ನು ಕೋಳಿ ತನ್ನ ಮೂಳೆಯಿಂದಲೇ ಕೀಳುತ್ತದೆ, ಒಂದು ಬೆಳಗ್ಗೆ ಕಾಲು ಕೈಕೊಡುತ್ತದೆ. ಇಂಥದ್ದಕ್ಕೆ ಡಿ ಜೀವಸತ್ವ ಸೇರಿದ 500 ಮಿಲಿಗ್ರಾಂನ ಕ್ಯಾಲ್ಸಿಯಂ ಮಾತ್ರೆಯೊಂದನ್ನು ಪುಡಿಮಾಡಿ ದಿನಕ್ಕೊಮ್ಮೆ ಮೇವಿನಲ್ಲಿ, ಮೂರು ದಿನ ಕೊಡಬಹುದು. ಕಾರಣ ಇದೇ ಆಗಿದ್ದರೆ ಒಂದೆರಡು ದಿನದಲ್ಲೇ ಎದ್ದು ನಿಲ್ಲುತ್ತದೆ. ಆದರೆ ಜುಟ್ಟು ಇನ್ನೂ ಪೇಲವವಾಗಿ, ಮೂಳೆಯ ನಡುವೆ ಒಂದೇ ಬೆರಳು ಹಿಡಿಯುವ ಹೇಂಟೆಗೆ ಇದು ಬೇಡ, ಮೊಟ್ಟೆಗೆ ಬಾರದ ಕೋಳಿಗೆ ಹೆಚ್ಚಿನ ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸುತ್ತದೆ.

ಎಲ್ಲರೂ ಹೆದರುವುದು ಮಾರೆಕ್ಸ್ ರೋಗಕ್ಕೆ, ಹೆದರಬೇಕಾದದ್ದೇ. ಹರ್ಪಿಸ್ ಜಾತಿಯ ವೈರಸ್ಸು ನರಗಳನ್ನು ಊದಿಸುತ್ತದೆ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬೀಳುವುದು ಇದರ ಗುರುತು. ಒಂದು ರೆಕ್ಕೆ ಜೋತುಬೀಳಬಹುದು, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗ ಬೂದಾಗಿ ಪಾಪೆ ಅಂಕುಡೊಂಕಾಗಬಹುದು, ತಿನ್ನುತ್ತಲೇ ಸೊರಗಬಹುದು. ಇದಕ್ಕೆ ಔಷಧಿಯಿಲ್ಲ. ಲಸಿಕೆ ಹಾಕುವುದು ಮರಿ ಹುಟ್ಟಿದ ದಿನ. ಈಗ ಹಾಕಿಸಿ ಈ ಹೇಂಟೆಗೆ ಉಪಯೋಗವಿಲ್ಲ. ವೈರಸ್ಸು ಗರಿಯ ಹೊಟ್ಟಿನಲ್ಲಿ ಧೂಳಾಗಿ ಹರಡುವುದರಿಂದ ನಿಮ್ಮ ಉಳಿದ ಕೋಳಿಗಳಿಗೂ ಅದು ಈಗಾಗಲೇ ತಗುಲಿರುತ್ತದೆ. ಬೇರೆ ಇಡುವುದು ಇದನ್ನು ಕುಕ್ಕುವುದರಿಂದ ಕಾಪಾಡಲು, ಅವುಗಳನ್ನು ಉಳಿಸಲು ಅಲ್ಲ. ಮನುಷ್ಯರಿಗೆ ಅಂಟುವುದಿಲ್ಲ, ಮೊಟ್ಟೆಯ ಮೂಲಕ ಮರಿಗೂ ದಾಟುವುದಿಲ್ಲ.

ಇದೇ ವೈರಸ್ಸಿನ ಇನ್ನೊಂದು ರೂಪದಲ್ಲಿ ಕೋಳಿ ದಿಢೀರನೆ ಸೋತು ಬಿದ್ದು, ಒಂದೆರಡು ದಿನದಲ್ಲಿ ತಾನೇ ಎದ್ದು ಓಡಾಡುತ್ತದೆ. ಆ ಎರಡು ದಿನ ಏನು ಕೊಟ್ಟಿದ್ದರೋ ಅದಕ್ಕೆ ಹೆಸರು ಬರುತ್ತದೆ. ಎದ್ದ ಕೋಳಿ ಕೆಲವು ವಾರಗಳ ನಂತರ ಮತ್ತೆ ಬೀಳುವುದೂ ಉಂಟು, ತೂಗುವುದನ್ನು ನಿಲ್ಲಿಸಬೇಡಿ.

ಜೀವಸತ್ವದ ಬಗ್ಗೆ: ಬಿ ಕಾಂಪ್ಲೆಕ್ಸ್ ಮಾತ್ರೆ ಅರ್ಧ, ಪುಡಿಮಾಡಿ ದಿನಕ್ಕೊಮ್ಮೆ, ಒಂದು ವಾರ. ಕೊಟ್ಟು ನೋಡಲು ತೊಂದರೆಯಿಲ್ಲ. ಆದರೆ ಬಿ2 ಕೊರತೆಯಿಂದ ಬೆರಳು ಒಳಕ್ಕೆ ಮುದುಡುವುದು ಹೆಚ್ಚಾಗಿ ಮೊದಲ ವಾರಗಳ ಮರಿಗಳಲ್ಲಿ. ಬರೀ ಅಕ್ಕಿನುಚ್ಚು, ಜೋಳದ ಮೇಲೆ ಬೆಳೆದ ಕೋಳಿಯಾದರೆ ಗುಣ ಕಾಣುವ ಸಾಧ್ಯತೆ ಹೆಚ್ಚು, ಒಳ್ಳೆಯ ಫೀಡ್ ತಿಂದದ್ದಕ್ಕೆ ಅಷ್ಟಿಲ್ಲ. ಒಂದು ಎಚ್ಚರಿಕೆ: ಹಿಕ್ಕೆಯಲ್ಲಿ ರಕ್ತ ಕಂಡು ಆಂಪ್ರೋಲಿಯಂ ಶುರುಮಾಡಿದ್ದರೆ ಬಿ ಕಾಂಪ್ಲೆಕ್ಸ್ ಆಮೇಲೆ ಕೊಡಿ. ಆ ಔಷಧಿ ಕೆಲಸ ಮಾಡುವುದೇ ಬಿ1 ಅನ್ನು ತಡೆದು. ಮನುಷ್ಯರ ನೋವಿನ ಮಾತ್ರೆ ಬೇಡ, ನೋವಿಗೆ ಏನು ಎಷ್ಟು ಎನ್ನುವುದನ್ನು ವೈದ್ಯರು ತೂಕ ನೋಡಿ ಹೇಳಲಿ.

ಕಾಲು ಕಟ್ಟಿ ಜೋಡಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅದು ಕಾಲು ಅಗಲಿ ಹುಟ್ಟಿದ ಮರಿಗೆ, ಮೊದಲ ವಾರದಲ್ಲಿ. ನಿಮ್ಮದಕ್ಕೆ ಬೇಕಿರುವುದು ಜೋಲಿ. ಗಟ್ಟಿ ಬಟ್ಟೆಯಲ್ಲಿ ಕಾಲಿಗೆ ಎರಡು, ಹಿಕ್ಕೆಗೆ ಒಂದು ತೂತು ಮಾಡಿ, ಬಕೆಟ್ಟಿನ ಬಾಯಿಗೆ ಅಡ್ಡ ಇಟ್ಟ ಎರಡು ಕೋಲಿಗೆ ಕಟ್ಟಿ. ಒಳಗೆ ಏನಾದರೂ ಇಟ್ಟು, ಪಾದ ಅದರ ಮೇಲೆ ಹಗುರವಾಗಿ ತಾಗುವಂತೆ ಮಾಡಿ. 20–30 ನಿಮಿಷ, ದಿನಕ್ಕೆ ಮೂರು ಸಲ ಸಾಕು. ಎದೆಮೂಳೆಯ ಮೇಲೆ ಹುಣ್ಣಾಗುವುದು ಇದರಿಂದ ತಪ್ಪುತ್ತದೆ. ಮಿಕ್ಕ ಹೊತ್ತಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬಾಲದ ಕೆಳಗೆ ಮೆತ್ತಿದ ಹಿಕ್ಕೆಯನ್ನು ದಿನಕ್ಕೆರಡು ಸಲ ತೊಳೆದು ಒರೆಸಿ, ಬಿಟ್ಟರೆ ನೊಣ ಮೊಟ್ಟೆಯಿಟ್ಟು ಮರುದಿನವೇ ಹುಳು.

ಸೋಲು ಕಾಲಿನಿಂದ ರೆಕ್ಕೆಗೆ, ಕತ್ತಿಗೆ ಏರಿ ತಲೆ ಜೋತರೆ ಕೊಳೆತದ್ದೋ ಸತ್ತ ಪ್ರಾಣಿಯ ಹುಳುವೋ ತಿಂದ ವಿಷ ಇರಬಹುದು. ಕತ್ತು ತಿರುಚಿ, ಹಸಿರು ಭೇದಿಯಾಗಿ, ಇನ್ನೆರಡು ಕೋಳಿ ಬಿದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಗುಮಾನಿ. ಎರಡರಲ್ಲೂ ಮನೆಮದ್ದಿಗೆ ಕಾಯದೆ ಅವತ್ತೇ ಪಶುವೈದ್ಯರಿಗೆ ತಿಳಿಸಿ.

ಉಳುಕಾದರೆ ಮೂರು ನಾಲ್ಕು ದಿನದಲ್ಲಿ ಭಾರ ಊರಲು ಶುರುಮಾಡುತ್ತದೆ. ಹತ್ತು ದಿನವಾದರೂ ಹಿಡಿತ ಬಾರದೆ, ತೂಕ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದು ಇನ್ನೂ ಇಳಿಯುತ್ತಿದ್ದರೆ, ನೋವಿಲ್ಲದೆ ಕೊನೆಗಾಣಿಸುವ ಬಗ್ಗೆ ವೈದ್ಯರ ಬಳಿ ಮಾತಾಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಅದು ಸತ್ತರೆ ಹೂಳುವ ಮುಂಚೆ ಪಶುರೋಗ ಪ್ರಯೋಗಾಲಯಕ್ಕೆ ಕೊಡಲಾಗುತ್ತದೆಯೇ ವಿಚಾರಿಸಿ. ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಪಕ್ಕ ತಣ್ಣಗಿಡಿ, ಹೆಪ್ಪುಗಟ್ಟಿಸಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಒಡೆದು ಪರೀಕ್ಷೆ ಕೆಡುತ್ತದೆ. ಎರಡು ತೊಡೆಗಳ ನರವನ್ನು ಹೋಲಿಸಿ ಒಂದು ದಪ್ಪಗಿದೆಯೇ ಎಂದು ಅವರು ನೋಡುತ್ತಾರೆ. ಮುಂದಿನ ಮರಿಗಳನ್ನು ಮೊದಲ ದಿನವೇ ಲಸಿಕೆ ಹಾಕಿದ ಕಡೆಯಿಂದ ತರಬೇಕೋ ಬೇಡವೋ ಎನ್ನುವುದು ಆಗ ಗೊತ್ತಾಗುತ್ತದೆ.