ಕೆಸರಿನ ಕ್ರಾಸ್ ಕಂಟ್ರಿ ಓಟಕ್ಕೆ ರೋಡ್ ಶೂ ಸಾಕೇ? ಯಾವ ವೇಗದಲ್ಲಿ ಓಡಬೇಕು?

ರಸ್ತೆಯಲ್ಲಿ 10 ಕಿ.ಮೀ.ಗೆ 50 ನಿಮಿಷ ತೆಗೆದುಕೊಳ್ಳುತ್ತೀರಿ, ಮೂರು ವಾರದಲ್ಲಿ ಕ್ಲಬ್ ಪರವಾಗಿ 8 ಕಿ.ಮೀ. ಕೆಸರಿನ ಕ್ರಾಸ್ ಕಂಟ್ರಿ (ರಸ್ತೆ ಬಿಟ್ಟು ಹುಲ್ಲು, ಮಣ್ಣಿನ ಮೇಲಿನ) ಓಟ ಇದೆ, ಶೂ ಮತ್ತು ವೇಗದ ಬಗ್ಗೆ ಹೇಳಿ ಅಂದಿದ್ದೀರಿ.

ವೇಗದ ವಿಷಯ ಮೊದಲು ಮುಗಿಸೋಣ. ಕಿಲೋಮೀಟರಿಗೆ ಇಷ್ಟು ನಿಮಿಷ ಅನ್ನುವ ಲೆಕ್ಕ ಬಿಟ್ಟುಬಿಡಿ. ಒಂದೇ ಮಾರ್ಗ ಒಣಗಿದ್ದಾಗ ಒಂದು ಥರ, ಮಳೆ ಬಿದ್ದ ಮೇಲೆ ಇನ್ನೊಂದು ಥರ. ಇನ್ನೂರು ಜನ ತುಳಿದ ಮೇಲೆ ಎರಡನೇ ಸುತ್ತಿಗೇ ಅದು ಬೇರೆ ನೆಲ. ವಾಚ್ ನೋಡುತ್ತಾ ರಸ್ತೆಯ ವೇಗ ಹಿಡಿಯಹೊರಟರೆ ಮೊದಲ ಎರಡು ಕಿಲೋಮೀಟರಿಗೇ ತೊಡೆ ಕಲ್ಲಾಗುತ್ತದೆ. ಉಸಿರೇ ಅಳತೆ: ಮೊದಲ ಸುತ್ತಿನಲ್ಲಿ ಮೂರ್ನಾಲ್ಕು ಪದ ಆಡುವಷ್ಟಾದರೂ ಉಸಿರು ಉಳಿದಿರಬೇಕು.

ರೋಡ್ ಶೂ ಸಾಲದು. ಅದರ ತಳ ಚಪ್ಪಟೆ, ಸಂದುಗಳಲ್ಲಿ ಕೆಸರು ತುಂಬಿತೆಂದರೆ ಸಾಬೂನಿನ ಮೇಲೆ ನಿಂತ ಹಾಗೆ. ಹುಲ್ಲು, ಕೆಸರೇ ಹೆಚ್ಚಿದ್ದರೆ ಕ್ರಾಸ್ ಕಂಟ್ರಿ ಸ್ಪೈಕ್ಸ್, ಅಂದರೆ ತಳದ ಮುಂಭಾಗದಲ್ಲಿ ಮೊಳೆಗಳಿರುವ ಶೂ; ನಡುವೆ ಜಲ್ಲಿ ಅಥವಾ ಡಾಂಬರು ದಾಟಬೇಕಿದ್ದರೆ ಆಳವಾದ ಗುಬುಟುಗಳಿರುವ ಟ್ರೇಲ್ ಶೂ. ಸ್ಪೈಕ್ಸ್‌ನ ಮೊಳೆಗಳನ್ನು ತಿರುಗಿಸಿ ಬದಲಾಯಿಸಬಹುದು. ಗಟ್ಟಿ ನೆಲಕ್ಕೆ 6 ಮಿ.ಮೀ., ಮೆತ್ತನೆಯ ಹುಲ್ಲಿಗೆ 9, ಕೆಸರಿಗೆ 12, ಪಾದ ಹೂತುಹೋಗುವ ಕೆಸರಿಗೆ 15. ಹಾಕುವಾಗ ಮೊಳೆಯ ತಿರುಪಿಗೆ ಚೂರು ವ್ಯಾಸಲೀನ್ ಸವರಿ, ಇಲ್ಲದಿದ್ದರೆ ತುಕ್ಕು ಹಿಡಿದು ಮತ್ತೆ ಬಿಚ್ಚಲು ಬರುವುದಿಲ್ಲ. ಮೊಳೆ ತಿರುಗಿಸುವ ಕೀಲಿ ನಿಲ್ಲುವ ತನಕ ಬಿಗಿ ಮಾಡಿ. ಸಡಿಲವಿದ್ದ ಮೊಳೆಯನ್ನು ಕೆಸರು ಕಿತ್ತುಕೊಳ್ಳುತ್ತದೆ, ಆ ಖಾಲಿ ತೂತಿಗೆ ಮಣ್ಣು ಮೆತ್ತಿ ಒಳಗಿನ ತಿರುಪೇ ಹಾಳಾಗುತ್ತದೆ.

ಹೊಸ ಸ್ಪೈಕ್ಸ್ ಅನ್ನು ಓಟದ ದಿನವೇ ಮೊದಲು ಹಾಕಬೇಡಿ. ಅದರ ಹಿಮ್ಮಡಿ ರೋಡ್ ಶೂಗಿಂತ ತುಂಬಾ ತಗ್ಗು, ಹಾಗಾಗಿ ಮೀನಖಂಡಕ್ಕೂ ಅದರ ಕೆಳಗಿನ ಸ್ನಾಯುರಜ್ಜಿಗೂ ಎಳೆತ ಜಾಸ್ತಿ. ಈ ಮೂರು ವಾರದಲ್ಲಿ ಮೂರ್ನಾಲ್ಕು ಸಲ ಹುಲ್ಲಿನ ಮೇಲೆ ಓಡಿ: ಮೊದಲ ದಿನ 10 ನಿಮಿಷ, ಆಮೇಲೆ 20. ಒಳಗಿನ ಇನ್‌ಸೋಲ್ ಸಡಿಲವಿದ್ದರೆ ಅಂಟಿಸಿ, ನೆನೆದಾಗ ಅದು ಮಡಚಿಕೊಂಡು ಬೆರಳ ಕೆಳಗೆ ಸೇರುತ್ತದೆ. ಕೆಸರು ಶೂ ಕಳಚಿಕೊಳ್ಳುವುದು ತಮಾಷೆಯ ಮಾತಲ್ಲ, ನಿಜಕ್ಕೂ ಆಗುತ್ತದೆ. ಲೇಸಿಗೆ ಎರಡು ಗಂಟು ಹಾಕಿ ತುದಿಗಳನ್ನು ಒಳಗೆ ಸಿಕ್ಕಿಸಿ, ಬೇಕಿದ್ದರೆ ಮೇಲೊಂದು ಸುತ್ತು ಟೇಪ್. ತೆಳ್ಳನೆಯ ನೈಲಾನ್ ಸಾಕ್ಸ್ ಸಾಕು. ಹತ್ತಿಯದು ನೀರು ಹೀರಿ ಜೋತುಬೀಳುತ್ತದೆ.

ಇನ್ನು ಹೆಜ್ಜೆ. ರಸ್ತೆಯಲ್ಲಿ ಹಿಂದಕ್ಕೆ ಒದ್ದಷ್ಟೂ ದೇಹ ಮುಂದೆ ಹೋಗುತ್ತದೆ. ಕೆಸರಿನಲ್ಲಿ ಒದ್ದ ಬಲದ ಒಂದು ಪಾಲು ಜಾರಿಯೇ ಕಳೆದುಹೋಗುತ್ತದೆ, ಜೋರಾಗಿ ಒದ್ದರೆ ಇನ್ನೂ ಹೆಚ್ಚು ಜಾರುತ್ತದೆ. ಆದ್ದರಿಂದ ಹೆಜ್ಜೆ ಗಿಡ್ಡ, ಲಯ ಬೇಗ. ಪಾದ ಸೊಂಟದ ನೇರ ಕೆಳಗೆ ಇಳಿಯಲಿ. ಮೊಣಕಾಲು ಸ್ವಲ್ಪ ಹೆಚ್ಚು ಎತ್ತಿ, ಅಂಟಿದ ಪಾದವನ್ನು ಹಿಂದಕ್ಕೆ ಎಳೆಯದೆ ಮೇಲಕ್ಕೆ ಕೀಳಿ. ಮೊಣಕೈ ಅಗಲವಾಗಲಿ, ನೋಡಲು ಚೆನ್ನಾಗಿರುವುದಿಲ್ಲ, ಬೀಳುವುದು ತಪ್ಪುತ್ತದೆ. ಇಳಿಜಾರಿನಲ್ಲಿ ಹೆದರಿ ಹಿಂದಕ್ಕೆ ವಾಲಿದರೆ ಭಾರ ಹಿಮ್ಮಡಿಗೆ ಬರುತ್ತದೆ, ಅಲ್ಲಿ ಮೊಳೆಯೇ ಇಲ್ಲ, ಕುಳಿತೇ ಜಾರುತ್ತೀರಿ. ತಿರುವಿನಲ್ಲಿ ಎಲ್ಲರೂ ಒಳಬದಿಯನ್ನೇ ತುಳಿದು ಹದಗೆಡಿಸಿರುತ್ತಾರೆ. ಒಂದೆರಡು ಮೀಟರ್ ಹೊರಗೆ, ಹುಲ್ಲು ಉಳಿದಿರುವ ಕಡೆ ಓಡಿದರೆ ದೂರ ಹೆಚ್ಚಾದರೂ ಲಾಭವೇ.

ಓಟದ ದಿನ ಒಂದು ಗಂಟೆ ಮುಂಚೆ ಹೋಗಿ ಒಂದು ಸುತ್ತು ಹಳೇ ಶೂನಲ್ಲೇ ಮಾರ್ಗ ನೋಡಿ. ಆರಂಭದ ಗೆರೆಯಿಂದ ದಾರಿ ಕಿರಿದಾಗುವ ಜಾಗ ಎಷ್ಟು ದೂರ ಅಂತ ಮುಖ್ಯವಾಗಿ ಗಮನಿಸಿ. 150 ಮೀಟರಿಗೇ ಕಿರಿದಾದರೆ ಅಲ್ಲಿ ನೂಕುನುಗ್ಗಲು ಗ್ಯಾರಂಟಿ. ಅಲ್ಲಿಯವರೆಗೆ ತುಸು ಚುರುಕಾಗಿ ಓಡಿ ಆಮೇಲೆ ನಿಮ್ಮ ವೇಗಕ್ಕೆ ಇಳಿಯಿರಿ. ನೀರು ನಿಂತ ಗುಂಡಿಯನ್ನು ಹಾರಲು ಹೋಗಬೇಡಿ, ಕಾಲು ಉಳುಕುವುದು ಹಾರಿ ಇಳಿಯುವಲ್ಲಿ. ಆಳ ಮೊದಲೇ ನೋಡಿಕೊಂಡು ನೇರ ನಡುವೆಯೇ ಓಡಿ. ಕ್ಲಬ್‌ನ ಬನಿಯನ್ ಮೇಲೆ ನಂಬರಿನ ನಾಲ್ಕೂ ಮೂಲೆಗೆ ಪಿನ್ ಇರಲಿ. ಗುರಿ ಮುಟ್ಟಿದ ಮೇಲಿನ ಹಗ್ಗದ ಓಣಿಯಲ್ಲಿ ಯಾರನ್ನೂ ದಾಟಬಾರದು.

ನಿಮ್ಮ ಸ್ಥಾನಕ್ಕೆ ಯಾಕೆ ಬೆಲೆ ಅಂದರೆ ತಂಡದ ಅಂಕ ಅಂದರೆ ಸ್ಥಾನಗಳ ಮೊತ್ತ, ಕಡಿಮೆ ಇದ್ದವರು ಗೆದ್ದಂತೆ. ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಷಿಪ್‌ನಲ್ಲಿ ಸೀನಿಯರ್ ತಂಡದ 6 ಜನರಲ್ಲಿ ಮೊದಲ 4 ಜನರದ್ದು ಎಣಿಕೆಗೆ ಬರುತ್ತದೆ. ಕ್ಲಬ್ ಓಟಗಳಲ್ಲಿ ಎಷ್ಟು ಜನ ಅನ್ನುವುದು ಸಂಘಟಕರ ನಿಯಮ, ಕೇಳಿಕೊಳ್ಳಿ. ಎಣಿಕೆಗೆ ಬಾರದವರೂ ಎದುರಾಳಿ ತಂಡದ ಎಣಿಕೆಯವರಿಗಿಂತ ಮುಂದೆ ಬಂದರೆ ಆ ಎದುರಾಳಿ ತಂಡದ ಅಂಕ ಏರುವುದು ಸಾಮಾನ್ಯ. ಹಾಗಾಗಿ 140ನೇ ಸ್ಥಾನದಲ್ಲಿದ್ದರೂ ಕೊನೆಯಲ್ಲಿ ಒಬ್ಬರನ್ನು ಹಿಂದೆ ಹಾಕಿ.

ಮುಗಿದ ಹತ್ತು ನಿಮಿಷದೊಳಗೆ ಒದ್ದೆ ಬಟ್ಟೆ ಬದಲಾಯಿಸಿ. ಗಾಯವಾಗಿದ್ದರೆ ತಕ್ಷಣ ತೊಳೆಯಿರಿ, ಟೆಟನಸ್ ಚುಚ್ಚುಮದ್ದು ಹಳೆಯದಾಗಿದ್ದರೆ ಡಾಕ್ಟರನ್ನು ಕೇಳಿ. ಶೂಗಳನ್ನು ತಣ್ಣೀರಿನಲ್ಲಿ ತೊಳೆದು, ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿ ತಾಗಿದರೆ ತಳದ ಅಂಟು ಬಿಡುತ್ತದೆ. ಮೊಳೆಗಳನ್ನು ಅದೇ ಸಂಜೆ ಬಿಚ್ಚಿ. ಮರುದಿನಕ್ಕೆ ಕೆಸರು ಗಾರೆಯಾಗಿರುತ್ತದೆ.