ಥಿಯರಿ ಅರ್ಥವಾಗದಿದ್ದರೆ ತಪ್ಪು ಯಾರದ್ದು?

ಪೋಸ್ಟ್‌ಮಾಡರ್ನ್ ಥಿಯರಿಯ (ಭಾಷೆ, ಸತ್ಯ, ಅಧಿಕಾರದ ಬಗ್ಗೆ ಎಲ್ಲರೂ ಒಪ್ಪಿಕೊಂಡದ್ದನ್ನು ಪ್ರಶ್ನಿಸುವ ಚಿಂತನೆಯ) ಒಂದು ಪುಟವೂ ತಲೆಗೆ ಹತ್ತುತ್ತಿಲ್ಲ, ನಾನೇ ದಡ್ಡನಾ ಅಥವಾ ಅದನ್ನು ಬರೆಯುವವರು ಬೇಕಂತಲೇ ಹೀಗೆ ಬರೆಯುತ್ತಾರಾ ಎಂದು ಕೇಳಿದ್ದೀರಿ. ನೀವು ದಡ್ಡರಲ್ಲ. ಎಂಎ ಓದುವಾಗ ನನಗೂ ಇದೇ ಅನುಮಾನ ಕಾಡುತ್ತಿತ್ತು. ಕ್ಲಾಸಿನಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಆಗಲೇ ಕೈಯೆತ್ತಿ ಕೇಳಬೇಕಿತ್ತು.

ಕೆಲವು ಕಡೆ ಕಷ್ಟ ನಿಜವಾದದ್ದು. ಫ್ರೆಂಚ್ ತತ್ವಜ್ಞಾನಿ ಡೆರಿಡಾ ಅವರ 'ಡಿಫರಾನ್ಸ್' ಪದವನ್ನೇ ನೋಡಿ. ಫ್ರೆಂಚಿನ ಒಂದೇ ಕ್ರಿಯಾಪದಕ್ಕೆ ಬೇರೆಯಾಗುವುದು, ಮುಂದೂಡುವುದು ಎಂಬ ಎರಡೂ ಅರ್ಥಗಳಿವೆ. ವ್ಯತ್ಯಾಸ ಎನ್ನಲು ಅಲ್ಲಿ ಬಳಸುವ ಮಾಮೂಲಿ ಪದದಲ್ಲಿ ಅವರು ಒಂದೇ ಒಂದು ಅಕ್ಷರ ಬದಲಿಸಿದರು. ಬಾಯಲ್ಲಿ ಹೇಳಿದರೆ ಎರಡೂ ಒಂದೇ ಥರ ಕೇಳುತ್ತವೆ. ಕಣ್ಣಿಗೆ ಮಾತ್ರ ಬೇರೆ. ಬರಹ ಬರೀ ಮಾತಿನ ನಕಲಲ್ಲ ಎಂಬ ಅವರ ವಾದಕ್ಕೆ ಆ ಪದವೇ ಸಾಕ್ಷಿ. ಅನುವಾದದಲ್ಲಿ ಓದುವ ನಮಗೆ ಇದನ್ನು ಯಾರಾದರೂ ಬಿಡಿಸಿ ಹೇಳದಿದ್ದರೆ ಹೇಗೆ ಗೊತ್ತಾಗಬೇಕು?

ಆದರೆ ಎಲ್ಲ ಕಷ್ಟವೂ ಹೀಗಲ್ಲ. 1967ರ ಒಂದು ಪುಸ್ತಕದಲ್ಲಿ ಡೆರಿಡಾ ಅವರೇ 'ಪಠ್ಯದ ಹೊರಗೆ ಏನೂ ಇಲ್ಲ' ಎಂಬಂಥ ಮಾತು ಬರೆದರು. ಜಗತ್ತೇ ಇಲ್ಲ, ಪುಸ್ತಕಗಳಷ್ಟೇ ಇವೆ ಎಂದು ಎಷ್ಟೋ ಜನ ಓದಿಕೊಂಡರು. ಸಂದರ್ಭದ ಹೊರಗೆ ಏನೂ ಇಲ್ಲ ಅನ್ನುವುದೇ ಅದರ ಅರ್ಥ ಎಂದು 1988ರಲ್ಲಿ ಅವರು ವಿವರಿಸಿದರು. ಇಷ್ಟು ಸರಳವಾಗಿ ಹೇಳಲು ಬರುತ್ತಿತ್ತು, ಅಲ್ವಾ? ಮೊದಲೇ ಹೇಳಿದ್ದರೆ ಅಷ್ಟು ವರ್ಷಗಳ ಜಗಳ ಕಡಿಮೆಯಾಗುತ್ತಿತ್ತು. ಹಾಗೆ ಹೇಳಿದಾಗ ಮಾತು ಮೊದಲಿನಷ್ಟು ಭಾರಿ ಅನಿಸುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಬೇಕಂತಲೇ ಬರೆದದ್ದೂ ಉಂಟು. ಭೌತವಿಜ್ಞಾನಿ ಅಲನ್ ಸೋಕಲ್ ಇದೇ ಶೈಲಿಯಲ್ಲಿ ಸುಮ್ನೆ ಅರ್ಥವಿಲ್ಲದ ಲೇಖನ ಬರೆದು, ಇಂಥ ಥಿಯರಿಯನ್ನು ಪ್ರಕಟಿಸುವ 'ಸೋಷಿಯಲ್ ಟೆಕ್ಸ್ಟ್' ಪತ್ರಿಕೆಗೆ ಕಳಿಸಿದರು. 1996ರಲ್ಲಿ ಅದು ಅಚ್ಚಾಯಿತು. ಇದರಿಂದ ಇಡೀ ಥಿಯರಿಯೇ ಸುಳ್ಳು ಅಂತೇನೂ ಆಗುವುದಿಲ್ಲ. ಆದರೆ ಅರ್ಥವಾಗದ್ದನ್ನು ಪ್ರಶ್ನಿಸದೆ ಒಪ್ಪುವ ಅಭ್ಯಾಸ ಸಂಪಾದಕರಿಗೂ ಇತ್ತು ಎಂದು ಗೊತ್ತಾಯಿತು.

1998ರಲ್ಲಿ ಅಮೆರಿಕದ ಥಿಯರಿ ಲೇಖಕರಾದ ಜೂಡಿತ್ ಬಟ್ಲರ್ ಅವರ ಒಂದು ಉದ್ದನೆಯ ವಾಕ್ಯಕ್ಕೆ 'ಕೆಟ್ಟ ಬರವಣಿಗೆ' ಸ್ಪರ್ಧೆಯ ಮೊದಲ ಬಹುಮಾನ ಬಂತು. ಎಲ್ಲರೂ ಸಹಜ ಎಂದು ಒಪ್ಪಿಕೊಂಡಿದ್ದನ್ನು ಅಲ್ಲಾಡಿಸಲು ಕೆಲವೊಮ್ಮೆ ಕಷ್ಟದ ಭಾಷೆಯೇ ಬೇಕಾಗುತ್ತದೆ ಎಂದು ಮರುವರ್ಷ ಅವರು ಉತ್ತರ ಕೊಟ್ಟರು. ಅರ್ಧ ಒಪ್ಪುತ್ತೇನೆ. ಹೊಸ ಯೋಚನೆಗೆ ಹೊಸ ಪದ ಬೇಕು, ಸರಿ. ಒಂದೇ ವಾಕ್ಯದಲ್ಲಿ ಎಲ್ಲವನ್ನೂ ತುರುಕಬೇಕಾಗಿಲ್ಲ.

ನೀವು ಫ್ರೆಂಚ್ ಚಿಂತಕ ಫೂಕೋ ಅವರ, ಶಿಕ್ಷೆ ಮತ್ತು ಜೈಲಿನ ಇತಿಹಾಸದ ಪುಸ್ತಕ 'ಡಿಸಿಪ್ಲಿನ್ ಅಂಡ್ ಪನಿಶ್'ನಿಂದ ಶುರುಮಾಡಿ. 1757ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೆದುರು ನಡೆದ ಮರಣದಂಡನೆಯಿಂದ ಅದು ತೆರೆದುಕೊಳ್ಳುತ್ತದೆ. ಅದರ ಬೆನ್ನಿಗೇ ಕೈದಿಗಳ ದಿನಚರಿಯ ನಿಯಮಪಟ್ಟಿ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ವಾದ ಅರ್ಧ ತಿಳಿದಂತೆ. ಸಿಕ್ಕಿಹಾಕಿಕೊಂಡ ಕಡೆ ಆ ಪ್ಯಾರಾವನ್ನು ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಮೂರು ಸಲ ಓದಿದರೂ ಬರೆಯಲಾಗದಿದ್ದರೆ ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ಕ್ಲಾಸಿನಲ್ಲಿ ಆ ಪುಟ ಬಂದಾಗ ಕೈಯೆತ್ತಿ.